ಮೇಲ್ ಸರ್ವರಿಗೆ ಡೆಲ್ ಪವರ್‌ಎಡ್ಜ್ ಟಿ350: ಹಣ ಹಾಕಬೇಕಾದದ್ದು ಡಿಸ್ಕಿಗೆ

ಬಸವನಗುಡಿಯ ನಮ್ಮ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸುಮಾರು ಎಂಬತ್ತು ಮೇಲ್‌ಬಾಕ್ಸ್‌ಗಳಿವೆ. ಗ್ರಾಹಕರ ಕಾಗದಪತ್ರಗಳು ಹೊರಗಿನವರ ಕೈಯಲ್ಲಿರಬಾರದೆಂಬ ಕಾರಣಕ್ಕೆ ಪತ್ರಗಳನ್ನು ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಅವನ್ನು ಮೇಲ್‌ಬಾಕ್ಸ್‌ಗಳಲ್ಲಿ ಇಟ್ಟುಕೊಡುವ ಡವ್‌ಕಾಟ್ ತಂತ್ರಾಂಶಗಳನ್ನು ನಾವೇ ನಡೆಸುತ್ತೇವೆ. ಹಳೆಯ ಯಂತ್ರಕ್ಕೆ ವಯಸ್ಸಾದ ಮೇಲೆ ಅದರ ಜಾಗಕ್ಕೆ ತಂದದ್ದು ಡೆಲ್ ಪವರ್‌ಎಡ್ಜ್ ಟಿ350. ರ‍್ಯಾಕ್ ಇಲ್ಲದ ಕೋಣೆಯಲ್ಲೂ ನಿಲ್ಲಿಸಬಹುದಾದ ಟವರ್ ಮಾದರಿಯ ಸರ್ವರ್ ಇದು. ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಆದರೆ ಇದನ್ನು ಯಾವ ಡಿಸ್ಕುಗಳೊಂದಿಗೆ ಕೊಳ್ಳುತ್ತೀರಿ ಎಂಬುದರ ಮೇಲೆ ಆ ಒಳ್ಳೆಯತನ ಬಹುಮಟ್ಟಿಗೆ ನಿಂತಿದೆ.

ಮೇಲ್ ಸರ್ವರಿನ ಕೆಲಸದಲ್ಲಿ ಪ್ರೊಸೆಸರಿಗೆ ಬೀಳುವ ಭಾರ ಕಡಿಮೆ. ನಾಲ್ಕು ಕೋರ್‌ಗಳ ಕ್ಸಿಯಾನ್ ಇ-2314 ನಮಗೆ ಧಾರಾಳವಾಗಿ ಸಾಕಾಗಿದೆ. ಭಾರ ಬೀಳುವುದು ಬರಹದ ಮೇಲೆ. ಬಂದ ಪತ್ರವನ್ನು ಪೋಸ್ಟ್‌ಫಿಕ್ಸ್ ತನ್ನ ಸರದಿಯ ಕಡತಕ್ಕೆ ಬರೆದು, ಅದು ನಿಜವಾಗಿಯೂ ಡಿಸ್ಕಿಗೆ ಇಳಿಯಿತೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ಕಳುಹಿಸಿದ ಸರ್ವರಿಗೆ 250 ಎಂಬ ಒಪ್ಪಿಗೆಯ ಉತ್ತರವನ್ನು ಕೊಡುತ್ತದೆ. ಆ ಉತ್ತರ ಹೋದ ಕ್ಷಣದಿಂದ ಪತ್ರದ ಹೊಣೆ ನಮ್ಮದು. ಅನಂತರ ಡವ್‌ಕಾಟ್ ಅದನ್ನು ಮೇಲ್‌ಬಾಕ್ಸಿಗೆ ಮತ್ತೊಮ್ಮೆ ಬರೆದು, ಸೂಚಿ ಕಡತಗಳನ್ನೂ ತಿದ್ದುತ್ತದೆ. ಹೀಗಾಗಿ ಒಂದು ಸಣ್ಣ ಪತ್ರವೂ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಹಲವು ಸಣ್ಣ ಬರಹಗಳನ್ನು ಬೇಡುತ್ತದೆ. ಜಾಗದ ಲೆಕ್ಕವನ್ನು ಮಾತ್ರ ಸ್ವಲ್ಪ ಉದಾರವಾಗಿ ಹಾಕಬೇಕು, ಏಕೆಂದರೆ ಮೇಲ್‌ನಲ್ಲಿ ಸಾಗಲು ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿದ ಲಗತ್ತು ಮೂಲ ಕಡತಕ್ಕಿಂತ ಮೂರನೇ ಒಂದರಷ್ಟು ದಪ್ಪವಾಗುತ್ತದೆ, ರಿಟರ್ನ್ ಸಲ್ಲಿಸುವ ಜುಲೈ ತಿಂಗಳಲ್ಲಿ ಲಗತ್ತಿಲ್ಲದ ಪತ್ರವೇ ನಮಗೆ ಅಪರೂಪ.

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್ ಬೇಕು. ತಲೆಯು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟು ಮಿಲಿಸೆಕೆಂಡ್. ಅಂದರೆ ಚದುರಿದ ಕೆಲಸಗಳು ಸೆಕೆಂಡಿಗೆ ಎಂಬತ್ತರ ಆಸುಪಾಸು, ಡಿಸ್ಕಿನ ಗಾತ್ರ 2 ಟಿಬಿಯೇ ಇರಲಿ, 16 ಟಿಬಿಯೇ ಇರಲಿ. ಇಂಥ ನಾಲ್ಕು ಡಿಸ್ಕುಗಳನ್ನು ರೇಡ್ 5ರಲ್ಲಿ, ಅಂದರೆ ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಜೋಡಿಸಿದರೆ ಸೆಕೆಂಡಿಗೆ ಒಟ್ಟು 320 ಕೆಲಸಗಳ ಶಕ್ತಿ ಇರುತ್ತದೆ. ಆದರೆ ಪ್ರತಿ ಸಣ್ಣ ಬರಹಕ್ಕೂ ಹಳೆಯ ದತ್ತಾಂಶ, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನಲ್ಲಿದ್ದುದನ್ನು ಮರಳಿ ಕಟ್ಟಲು ಇಡುವ ಲೆಕ್ಕ) ಎರಡನ್ನೂ ಓದಿ ಹೊಸ ಎರಡನ್ನು ಬರೆಯಬೇಕಾದ್ದರಿಂದ ಕೈಗೆ ಸಿಗುವುದು ಮತ್ತೆ ಎಂಬತ್ತೇ. ನಾಲ್ಕು ಡಿಸ್ಕಿಗೆ ಹಣ ಕೊಟ್ಟು ಒಂದು ಡಿಸ್ಕಿನ ವೇಗ! ಡಿಸ್ಕುಗಳನ್ನು ಜೋಡಿಜೋಡಿಯಾಗಿ ನಕಲಿಸುವ ರೇಡ್ 10ರಲ್ಲಿ ಇದು ಎರಡುಪಟ್ಟಾಗುತ್ತದೆ. ಹೆಚ್ಚು ಜಾಗ ಸಿಗುತ್ತದೆಂದು ರೇಡ್ 5ನ್ನು ಶಿಫಾರಸು ಮಾಡುವ ದರಪಟ್ಟಿಗಳು ಇಂದಿಗೂ ಬರುತ್ತವೆ. ಮೇಲ್ ಸರ್ವರಿನ ಮಟ್ಟಿಗೆ ಅವನ್ನು ಪಕ್ಕಕ್ಕಿಡುವುದು ಲೇಸು.

ಹಾಗಾದರೆ ತಿರುಗುವ ಭಾಗವಿಲ್ಲದೆ ಫ್ಲ್ಯಾಶ್ ಚಿಪ್ಪುಗಳಲ್ಲಿ ಬರೆಯುವ ಎಸ್‌ಎಸ್‌ಡಿ ಹಾಕಿದರಾಯಿತಲ್ಲ ಎಂದರೆ, ಎಲ್ಲ ಎಸ್‌ಎಸ್‌ಡಿಯೂ ಆಗದು. ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದ ತಕ್ಷಣ ಮುಂದಿಡುವುದು ಮನೆ ಬಳಕೆಯ ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿಗಳನ್ನು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅವುಗಳ ವೇಗ ಸುಳ್ಳಲ್ಲ, ಆದರೆ ಅದು ಬರಹವನ್ನು ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳಲು ಬಿಟ್ಟಾಗಿನ ವೇಗ. ಪ್ರತಿ ಪತ್ರಕ್ಕೂ ‘ಈಗಲೇ ಶಾಶ್ವತವಾಗಿ ಬರೆ’ ಎಂದು ಒತ್ತಾಯಿಸುವ ಮೇಲ್ ಸರ್ವರಿನ ಮುಂದೆ ಅದು ತೀರಾ ಕುಸಿಯುತ್ತದೆ. ಸರ್ವರಿಗೆಂದೇ ತಯಾರಾಗುವ ಸ್ಯಾಮ್‌ಸಂಗ್ ಪಿಎಂ893, ಮೈಕ್ರಾನ್ 5400 ಮುಂತಾದವುಗಳಲ್ಲಿ ಸಣ್ಣ ಕೆಪಾಸಿಟರುಗಳಿರುತ್ತವೆ. ಕರೆಂಟ್ ಹೋದರೂ ನೆನಪಿನಲ್ಲಿರುವುದನ್ನು ಫ್ಲ್ಯಾಶಿಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುವುದರಿಂದ ಡಿಸ್ಕು ಒಪ್ಪಿಗೆಯ ಉತ್ತರವನ್ನು ಧೈರ್ಯವಾಗಿ ತಕ್ಷಣವೇ ಕೊಡಬಲ್ಲದು. ವೇಗವೂ ಸುರಕ್ಷತೆಯೂ ಒಟ್ಟಿಗೆ ಸಿಗುವುದು ಇಲ್ಲಿಯೇ. ಮುಂಗಾರಿನ ಸಂಜೆಗಳಲ್ಲಿ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಬಡಾವಣೆಯಲ್ಲಿ ಯುಪಿಎಸ್ ಇದ್ದರೂ ಈ ಕೆಪಾಸಿಟರುಗಳನ್ನು ನಾನು ಬಿಟ್ಟುಕೊಡಲಾರೆ. ಅಂಗಡಿಯವರು ‘ಇದೂ ಅದೇ ಸಾರ್, ಸ್ಪೀಡ್ ಇನ್ನೂ ಜಾಸ್ತಿ’ ಎಂದರೆ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ಬಂದು ತಯಾರಕರ ವಿವರಪಟ್ಟಿಯಲ್ಲಿ ‘ಪವರ್ ಲಾಸ್ ಪ್ರೊಟೆಕ್ಷನ್’ ಎಂಬ ಸಾಲು ಇದೆಯೇ ಎಂದು ನೋಡಿರಿ.

ಈಗ ಯಂತ್ರದ ವಿಷಯ. ಟಿ350ರಲ್ಲಿ ಚಾಲೂ ಇರುವಾಗಲೇ ಬದಲಾಯಿಸಬಹುದಾದ 3.5 ಇಂಚಿನ ಡಿಸ್ಕುಗಳಿಗೆ ಎಂಟರವರೆಗೆ ಜಾಗವಿದೆ. ಇದರ ತಮ್ಮನಾದ ಟಿ150ರಲ್ಲಿ ನಾಲ್ಕು ಮಾತ್ರ, ಅದೂ ಯಂತ್ರವನ್ನು ಬಿಚ್ಚಿಯೇ ಬದಲಾಯಿಸಬೇಕು. ಕಚೇರಿಯ ವೇಳೆಯಲ್ಲಿ ಮೇಲ್ ನಿಲ್ಲಿಸಲಾಗದವರಿಗೆ ಈ ಒಂದು ವ್ಯತ್ಯಾಸವೇ ಸಾಕು. ಜೋಡಿ ಪವರ್ ಸಪ್ಲೈ ಆಯ್ಕೆಯನ್ನೂ ತಪ್ಪದೆ ತೆಗೆದುಕೊಳ್ಳಬೇಕು. ಖಾಲಿ ಜಾಗಗಳಲ್ಲಿ ಬರುವುದು ಪ್ಲಾಸ್ಟಿಕ್ ಮುಚ್ಚಳಗಳೇ ಹೊರತು ಡಿಸ್ಕ್ ಕೂರಿಸುವ ಟ್ರೇಗಳಲ್ಲ, 2.5 ಇಂಚಿನ ಎಸ್‌ಎಸ್‌ಡಿಗೆ ಅಡಾಪ್ಟರ್ ಸಹಿತವಾದ ಟ್ರೇ ಬೇಕು. ಇನ್ನೊಂದು ಎಚ್ಚರಿಕೆ: ಹಳೆಯ ಸರ್ವರುಗಳಿಂದ ತೆಗೆದ ರೆಜಿಸ್ಟರ್ಡ್ ರ‍್ಯಾಮ್ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಯಂತ್ರಕ್ಕೆ ಅದು ಹೊಂದುವುದಿಲ್ಲ. ಇದಕ್ಕೆ ಬೇಕಾದದ್ದು ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ, ಆದರೆ ರೆಜಿಸ್ಟರ್ಡ್ ಅಲ್ಲದ ಡಿಡಿಆರ್4 ಇಸಿಸಿ ಯುಡಿಮ್. ವೈರಸ್ ಶೋಧಕ ಕ್ಲ್ಯಾಮ್‌ಎವಿ ಒಂದೇ 1 ಜಿಬಿಗಿಂತ ಹೆಚ್ಚು ನುಂಗುವುದರಿಂದ 32 ಜಿಬಿಯಿಂದ ಆರಂಭಿಸುವುದು ಒಳ್ಳೆಯದು.

ಡಿಸ್ಕುಗಳನ್ನು ಯಂತ್ರಕ್ಕೆ ಜೋಡಿಸಿ ನಿರ್ವಹಿಸುವ ಕಾರ್ಡಿನ, ಅಂದರೆ ಕಂಟ್ರೋಲರಿನ ಆಯ್ಕೆಯಲ್ಲಿ ನನ್ನ ನಿಲುವು ಹಲವರಿಗೆ ಒಪ್ಪಿಗೆಯಾಗದಿರಬಹುದು. ಬ್ಯಾಟರಿಯ ರಕ್ಷಣೆಯುಳ್ಳ 8 ಜಿಬಿ ಕ್ಯಾಶ್ (ತಾತ್ಕಾಲಿಕ ನೆನಪು) ಇರುವ ಪರ್ಕ್ ಎಚ್755 ಒಳ್ಳೆಯ ಕಾರ್ಡು. ಎಲ್ಲವೂ ಹಾರ್ಡ್ ಡಿಸ್ಕಾದರೆ ಅದು ಬೇಕೇ ಬೇಕು. ಕ್ಯಾಶ್ ಇಲ್ಲದ ಎಚ್355ಕ್ಕೆ ಕೊಡುವ ಹಣ ಮಾತ್ರ ಮೇಲ್ ಕೆಲಸಕ್ಕೆ ವ್ಯರ್ಥ. ಕೆಪಾಸಿಟರ್ ಇರುವ ಎಸ್‌ಎಸ್‌ಡಿಗಳನ್ನು ಹಾಕುವವರಿಗೆ ತಾನು ರೇಡ್ ಮಾಡದೆ ಡಿಸ್ಕುಗಳನ್ನು ನೇರವಾಗಿ ಜೋಡಿಸುವ ಸರಳವಾದ ಎಚ್‌ಬಿಎ355ಐ ಸಾಕು. ಲಿನಕ್ಸ್ ತಾನೇ ಎರಡು ಡಿಸ್ಕುಗಳನ್ನು ಮಿರರ್ ಮಾಡಿಕೊಳ್ಳುತ್ತದೆ, ಅಂದರೆ ಒಂದರಲ್ಲಿರುವುದನ್ನೇ ಇನ್ನೊಂದರಲ್ಲೂ ಇಡುತ್ತದೆ, ಯಂತ್ರ ಸತ್ತರೆ ಅದೇ ಡಿಸ್ಕುಗಳನ್ನು ಬೇರಾವುದೇ ಲಿನಕ್ಸ್ ಯಂತ್ರದಲ್ಲಿ ಓದಬಹುದು. ಉಳಿದ ಹಣವನ್ನು ಡಿಸ್ಕಿನ ಗಾತ್ರಕ್ಕೆ ಹಾಕಿದೆವು.

ಹಳೆಯ ಪತ್ರಗಳಿಗೆ ಮಾತ್ರ ಹಾರ್ಡ್ ಡಿಸ್ಕುಗಳ ಮತ್ತೊಂದು ಮಿರರ್ ಇದೆ. ಡವ್‌ಕಾಟ್‌ನಲ್ಲಿ ಹೀಗೆ ಹಳೆಯದನ್ನು ಬೇರೆ ಡಿಸ್ಕಿಗೆ ಸಾಗಿಸುವ ಸೌಲಭ್ಯ ಡಿಬಾಕ್ಸ್ ಮಾದರಿಯ ಸಂಗ್ರಹಕ್ಕಷ್ಟೇ ಉಂಟು, ಪತ್ರಕ್ಕೊಂದು ಕಡತವಿಡುವ ಮೇಲ್‌ಡಿರ್‌ಗೆ ಇಲ್ಲ. ಆದ್ದರಿಂದ ಡಿಸ್ಕ್ ಕೊಳ್ಳುವ ಮೊದಲೇ ಸಂಗ್ರಹದ ಮಾದರಿಯನ್ನು ತೀರ್ಮಾನಿಸಿಕೊಳ್ಳಬೇಕು. ಈ ಹಾರ್ಡ್ ಡಿಸ್ಕುಗಳು ಪಥಗಳನ್ನು ಬೇರೆ ಬೇರೆಯಾಗಿ ಇಡುವ ಸಿಎಂಆರ್ ತಂತ್ರದವೇ ಎಂದು ಕೇಳಿ ತಿಳಿದುಕೊಳ್ಳಿರಿ. 2020ರಲ್ಲಿ ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ರೆಡ್ ಸರಣಿಯ ಕೆಲವು ಡಿಸ್ಕುಗಳಲ್ಲಿ, ಪಥಗಳನ್ನು ಒಂದರ ಮೇಲೊಂದು ಹೊದಿಸುವುದರಿಂದ ಮರುಬರಹಕ್ಕೆ ನಿಧಾನವಾಗುವ ಎಸ್‌ಎಂಆರ್ ಬಳಸಿದ್ದನ್ನು ಕಂಪನಿ ಒಪ್ಪಿಕೊಂಡ ಮೇಲಂತೂ ಹೆಸರು ನೋಡಿ ಕೊಳ್ಳುವ ಕಾಲ ಮುಗಿಯಿತು.

ಡಿಡಿಆರ್5 ಬಳಸುವ ಟಿ360 ಈಗ ಬಂದಿರುವುದರಿಂದ, ಟಿ350 ಗಮನಾರ್ಹವಾಗಿ ಕಡಿಮೆ ಬೆಲೆಗೆ ದೊರೆತರೆ ಮಾತ್ರ ಕೊಳ್ಳಿರಿ. ಹತ್ತಿಪ್ಪತ್ತು ಮೇಲ್‌ಬಾಕ್ಸ್‌ಗಳ ಕಚೇರಿಗೆ ಟಿ150ಕ್ಕೆ ಎರಡು ಒಳ್ಳೆಯ ಎಸ್‌ಎಸ್‌ಡಿ ಹಾಕಿದರೆ ಸಾಕು. ಯಾವುದನ್ನು ಕೊಂಡರೂ ವಾರಂಟಿಯ ಜೊತೆಗೆ, ಕೆಟ್ಟ ಡಿಸ್ಕನ್ನು ಕಂಪನಿಗೆ ಹಿಂತಿರುಗಿಸದೆ ನಾವೇ ಇಟ್ಟುಕೊಳ್ಳುವ ಸೇವೆಯನ್ನು ದರಪಟ್ಟಿಯಲ್ಲಿ ಸೇರಿಸಲು ಹೇಳಿರಿ. ತಾನಾಗಿ ಅದನ್ನು ಯಾರೂ ಸೇರಿಸುವುದಿಲ್ಲ, ಆ ಡಿಸ್ಕಿನಲ್ಲಿ ಇರುವುದೋ ಗ್ರಾಹಕರ ಪ್ಯಾನ್ ಸಂಖ್ಯೆಗಳು ಮತ್ತು ಬ್ಯಾಂಕ್ ವಿವರಗಳು.