ಮಗಳ ಆನ್‌ಲೈನ್ ಗಣಿತ ಟ್ಯೂಷನ್: ಆ್ಯಪ್ ಬೇಡ, ಟೀಚರ್ ಬೇಕು

ಜಾಹೀರಾತಿನಲ್ಲಿ 'ನಿನ್ನ ಕಲಿಕೆ, ನಿನ್ನ ತೀರ್ಮಾನ' ಅಂತ ಇತ್ತು. ಏಳನೇ ಕ್ಲಾಸಿನ ಮಗಳನ್ನು ಸೇರಿಸಿದೆವು. ಕಂಪನಿಯ ಹೆಸರು ಬೇಡ ಬಿಡಿ.

ಮೊದಲು ಆ್ಯಪ್. ಬಣ್ಣ ಆರಿಸು, ಗೊಂಬೆ ಆರಿಸು, ಗೊಂಬೆಗೊಂದು ಟೋಪಿ ಆರಿಸು. ಸರಿ, ಭಿನ್ನರಾಶಿ ಬರುತ್ತೆ, ಬೀಜಗಣಿತಕ್ಕೆ ಹೋಗ್ತೀನಿ ಅಂದ್ರೆ ಬೀಗ! ಹಿಂದಿನ ವಿಡಿಯೊ ಎಲ್ಲ ನೋಡಲೇಬೇಕು. ಪಾಠ ಮುಗಿದಾಗ ನಗುಮುಖ ಇಲ್ಲವೇ ಅಳುಮುಖ ಒತ್ತಬೇಕು. ಮಗಳು ಅಳುಮುಖ ಒತ್ತುತ್ತಲೇ ಇದ್ದಳು. ಯಾಕಮ್ಮಾ ಅಂತ ಒಬ್ಬರೂ ಕೇಳಲಿಲ್ಲ. ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಗೆ, ಅಂದರೆ ತೀರ್ಮಾನದಲ್ಲಿ ಅವರ ಮಾತೂ ಸೇರೋದಕ್ಕೆ, 8 ಮೆಟ್ಟಿಲಿನ ಏಣಿ ಕೊಟ್ಟಿದ್ದಾರೆ. ಕೆಳಗಿನ 3 ಮೆಟ್ಟಿಲು ಅವರ ಲೆಕ್ಕದಲ್ಲಿ ಪಾಲ್ಗೊಳ್ಳುವಿಕೆಯೇ ಅಲ್ಲ, ಸುಮ್ನೆ ತೋರಿಕೆ. ಈ ಆ್ಯಪ್ ಅಲ್ಲೇ ನಿಂತಿದೆ.

ಲೈವ್ ಕ್ಲಾಸಿನ ಟೀಚರ್ ಕಥೆ ಬೇರೆ. ಮಕ್ಕಳು 'ಹೋಂವರ್ಕ್ ಬೇಡ' ಅಂದರು. ಅವರು ಒಪ್ಪಲಿಲ್ಲ, ಯಾಕೆ ಅಂತ ಬಿಡಿಸಿ ಹೇಳಿದರು. ಆದರೆ 10 ಲೆಕ್ಕದಲ್ಲಿ ನಿಮಗೆ ಬೇಕಾದ 5 ಮಾಡಿ ಅಂದರು. ಎಲ್ಲರೂ ಸುಲಭದ್ದನ್ನೇ ಹೆಕ್ಕಿದರು, ಇನ್ನೇನು ಮಾಡ್ತಾರೆ! ಟೀಚರ್ ಬೈಯಲಿಲ್ಲ. ಬಿಟ್ಟ ಲೆಕ್ಕ ಯಾಕೆ ಬಿಟ್ಟಿರಿ, ಒಂದು ಸಾಲು ಬರೀರಿ ಅಂದರು. 'ಹೇಳಿಕೆ ಲೆಕ್ಕ ಓದಿದರೆ ತಲೆಬುಡ ಗೊತ್ತಾಗಲ್ಲ' ಅಂತ ಮಗಳು ಬರೆದಳು. ಮುಂದಿನ ಕ್ಲಾಸಿನಿಂದ ಲೆಕ್ಕ ಮಾಡುವ ಮೊದಲು ಪ್ರಶ್ನೆಯನ್ನು ತಮ್ಮ ಮಾತಲ್ಲಿ ಹೇಳೋದು ಶುರುವಾಯ್ತು. ಟೆಸ್ಟ್ ಯಾವಾಗ ಅನ್ನೋದನ್ನೂ ಈಗ ಮಕ್ಕಳ ಜೊತೆ ಕೂತೇ ಗೊತ್ತು ಮಾಡುತ್ತಾರೆ.

'ಮಕ್ಕಳು ಹೇಳಿದ ಹಾಗೆ ಕುಣಿಯಬೇಕಾ?' ಅಂತ ಪೋಷಕರ ಗ್ರೂಪಿನಲ್ಲಿ ಒಬ್ಬರು ಗರಂ ಆದರು. ಹಾಗೆ ಯಾರೂ ಹೇಳಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ, ಮಗುವಿನ ವಯಸ್ಸು, ತಿಳಿವಳಿಕೆ ನೋಡಿ ಅದರ ಮಾತಿಗೆ ತೂಕ ಕೊಡಿ ಅನ್ನುತ್ತೆ, ಅಷ್ಟೇ.

ಒಂದು ಕೊರತೆ ಇದೆ. ಚರ್ಚೆಯಲ್ಲಿ ಬಾಯಿ ಜೋರಿದ್ದವರದ್ದೇ ಜಾಸ್ತಿ ನಡೆಯುತ್ತೆ. ಮೈಕ್ ಆನ್ ಮಾಡೋಕೆ ನಾಚುವ ಮಕ್ಕಳು ಹಾಗೇ ಉಳಿದುಬಿಡುತ್ತಾರೆ. ಮೊದಲು ಎಲ್ಲರೂ ಬರೆದು ಕಳಿಸಲಿ, ಆಮೇಲೆ ಮಾತು ಅಂತ ಟೀಚರ್‌ಗೆ ಹೇಳಿದ್ದೇನೆ.

ಲೈವ್ ಕ್ಲಾಸಿಗೆ 4 ಸ್ಟಾರ್, ಆ್ಯಪ್‌ಗೆ 1. ಸೇರಿಸುವ ಮುಂಚೆ ಡೆಮೊ ಕ್ಲಾಸಿನಲ್ಲಿ ಒಂದು ಮಾತು ಕೇಳಿ: ಮಕ್ಕಳು ಹೇಳಿದ್ದಕ್ಕೆ ಇತ್ತೀಚೆಗೆ ಏನು ಬದಲಾಯಿಸಿದಿರಿ? ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.