ವೆನಿಯರ್ ದೀಪ, ತೇಗದ ಮೇಜು, ಪಟ್ಟಿ ಗೋಡೆ: ಕೆಲವು ವರ್ಷ ಬಳಸಿದ ಮೇಲೆ

ಮರದ ಸಾಮಾನು ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲ, ಬೇಸಿಗೆ ಎರಡನ್ನೂ ಕಂಡ ಮೇಲೆ ಅದರ ಗುಣ ಗೊತ್ತಾಗುತ್ತದೆ. ಅದಕ್ಕೇ ಕೊಂಡ ಕೂಡಲೇ ಏನೂ ಬರೆಯಲಿಲ್ಲ. ಈಗ ಕೆಲವು ವರ್ಷ ಬಳಸಿದ್ದೇವೆ. ಮನೆಯಲ್ಲಿರುವುದು ಒಂದು ವೆನಿಯರ್ (ತೆಳುವಾಗಿ ಸೀಳಿದ ಮರದ ಹಾಳೆ) ತೂಗುದೀಪ, ತೇಗದ ಊಟದ ಮೇಜು, ಅದರ ಸುತ್ತ ಬಾಗುಮರದ ಕುರ್ಚಿಗಳು, ಮತ್ತೆ ಒಂದು ಗೋಡೆಗೆ ಪಟ್ಟಿ ಪಟ್ಟಿಯಾದ ಮರದ ಪ್ಯಾನೆಲ್.

ದೀಪದ ವಿಷಯ ಮೊದಲು, ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಬರ್ಚ್ ಮರವನ್ನು ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪಕ್ಕೆ ಸೀಳಿ, ಬಾಗಿಸಿ ಸುತ್ತಿ ಮಾಡಿದ ದೀಪ. ಆರಿಸಿದ್ದಾಗ ಅದು ಬಿಳಿಚಿಕೊಂಡ ಮರ, ಅಷ್ಟೇ. ಹಚ್ಚಿದರೆ ಇಡೀ ಮೈ ಕೆಂಪು ಬೆರೆತ ಹೊಂಬಣ್ಣಕ್ಕೆ ತಿರುಗುತ್ತದೆ. ಇದು ಬಲ್ಬಿನ ಬಣ್ಣವಲ್ಲ. ಮರ ನೀಲಿ ಬೆಳಕನ್ನು ಜಾಸ್ತಿ ಹೀರಿಕೊಂಡು, ಹಳದಿ, ಕೆಂಪನ್ನು ಹೊರಗೆ ಬಿಡುತ್ತದೆ. ಹಗಲಲ್ಲಿ ಕಣ್ಣಿಗೆ ಬೀಳದ ಎಳೆಗಳೆಲ್ಲ ಆಗ ಸ್ಪಷ್ಟವಾಗಿ ಕಾಣುತ್ತವೆ. ಇಷ್ಟು ವರ್ಷವಾದರೂ ಸಂಜೆ ಸ್ವಿಚ್ ಹಾಕಿದಾಗ ಒಮ್ಮೆ ತಲೆ ಎತ್ತಿ ನೋಡುತ್ತೇನೆ.

ಆದರೆ ಇದನ್ನು ಓದುವ ದೀಪ ಅಂದುಕೊಂಡು ಕೊಳ್ಳಬೇಡಿ. ಕೆಳಗಿನ ಬಾಯಿಂದ ಬೀಳುವ ಬೆಳಕು ಮೇಜಿಗೆ ಸಾಕು, ಕೋಣೆಯ ಮೂಲೆಗೆ ಸಾಲದು. ಬಲ್ಬಿನ ಬೆಳಕಿನ ಬಣ್ಣ 2700 ಕೆಲ್ವಿನ್, ಅಂದರೆ ಹಳದಿ ಬೆರೆತದ್ದು ಇರಲಿ. 6500ರ ಬಿಳಿ ಬಲ್ಬು ಹಾಕಿದರೆ ಮರದ ಬಣ್ಣ ಸತ್ತುಹೋಗುತ್ತದೆ. ಎಲ್‌ಇಡಿಯೇ ಬೇಕು. ಹಳೆಯ ತಂತಿ ಬಲ್ಬು ತಿನ್ನುವ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿಗೆ ವೆನಿಯರ್ ಒಣಗಿ ಸೀಳುತ್ತದೆ, ಅಂಟು ಬಿಡುತ್ತದೆ. ಕಿಟಕಿಯ ಕಡೆಯ ಮಗ್ಗುಲು ಈಗ ಸ್ವಲ್ಪ ಹಳದಿಯಾಗಿದೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಒಡೆಯುವುದರಿಂದ ಹೀಗಾಗುತ್ತದೆ. ಆಗಾಗ ದೀಪವನ್ನು ತಿರುಗಿಸಿ ಬಿಟ್ಟರೆ ಬಣ್ಣ ಎಲ್ಲ ಕಡೆ ಸಮನಾಗಿ ಏರುತ್ತದೆ. ಧೂಳಿಗೆ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡವೇ ಬೇಡ.

ಮೇಜಿನ ವಿಷಯದಲ್ಲಿ ನನ್ನ ಮಾತು ಒಂದೇ: ಕೊಳ್ಳುವ ಮುಂಚೆ ಬಗ್ಗಿ ಅಡಿಭಾಗ ನೋಡಿ. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆಂದೇ ಹೇಳಬಹುದು, ಅಗಲಕ್ಕೆ ಮಾತ್ರ ಜೋರು. ತೇಗ ಕಡಿಮೆ ಅಲುಗುವ ಮರ ಅಂತ ಹೆಸರುವಾಸಿ. ಆದರೂ 90 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ತೇವಾಂಶ ಶೇಕಡ 4ರಷ್ಟು ಏರಿಳಿದರೆ, ಹಲಗೆ ಕೊಯ್ದ ರೀತಿ ನೋಡಿಕೊಂಡು, ಆರೇಳು ಮಿಲಿಮೀಟರ್‌ವರೆಗೆ ವ್ಯತ್ಯಾಸ ಬರಬಹುದು. ಓಕ್ ಆದರೆ ಒಂದು ಸೆಂಟಿಮೀಟರ್ ದಾಟಬಹುದು. ಇಷ್ಟು ಬಲವಾಗಿ ಹಿಗ್ಗುವುದನ್ನು ಸ್ಕ್ರೂ ಹಾಕಿ ಬಿಗಿದು ಹಿಡಿಯಲು ಹೋದರೆ ಹಲಗೆಯೇ ಬಿರುಕು ಬಿಡುತ್ತದೆ. ನೆಂಟರ ಮನೆಯಲ್ಲಿ ದುಬಾರಿ ಓಕ್ ಮೇಜೊಂದು ಹೀಗೇ ನಡುವೆ ಸೀಳಿತು. ಅಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಅಲುಗದ ಹಾಗೆ ಬಿಗಿದಿದ್ದರು. ಮಾರಿದವರು "ಮರ ಅಂದ್ಮೇಲೆ ಹಾಗೇ" ಅಂದು ಕೈತೊಳೆದುಕೊಂಡರು. ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮರದ ಗುಣ ಗೊತ್ತಿರಬೇಕಾದವರು ಅವರೇ ಅಲ್ವಾ?

ನಮ್ಮ ಮೇಜನ್ನು ಮಾಡಿದ ಬಡಗಿ ಅಡಿಚೌಕಟ್ಟಿನಲ್ಲಿ ಉದ್ದ ಸಂದು ಕೊರೆದು, ಅದರೊಳಗೆ ಜಾರುವ ಪುಟ್ಟ ಮರದ ತುಂಡುಗಳಿಂದ ಹಲಗೆಯನ್ನು ಹಿಡಿಸಿದ್ದಾರೆ. ಎರಡು ತುದಿಗೂ ಅಡ್ಡಪಟ್ಟಿ ಇದೆ, ಅದಕ್ಕೆ ಅಂಟು ಹಾಕಿರುವುದು ನಡುಮಧ್ಯೆ ಮಾತ್ರ. ಬೇಸಿಗೆಯಲ್ಲಿ ಹಲಗೆ ಕುಗ್ಗಿ ಈ ಅಡ್ಡಪಟ್ಟಿಗಳು ಎರಡೂ ಕಡೆ ಚೂರು ಹೊರಗೆ ಚಾಚುತ್ತವೆ. ಮಳೆಗಾಲದಲ್ಲಿ ಮತ್ತೆ ಸಮ. ಕೈಯಾಡಿಸಿದರೆ ತಿಳಿಯುತ್ತದೆ. ಅದನ್ನು ದೋಷ ಅಂತ ದೂರುವವರಿದ್ದಾರೆ. ನನಗಂತೂ ಮೇಜು ಸರಿಯಾಗಿ ಮಾಡಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ. ಹಲಗೆಯಲ್ಲಿ ಮೊದಲೇ ಇದ್ದ ಒಂದು ಸೀಳನ್ನು ಮುಚ್ಚಿಹಾಕದೆ, ಚಿಟ್ಟೆಯಾಕಾರದ ಮರದ ಬೀಗ ಕೂರಿಸಿ ಹಿಡಿದಿದ್ದಾರೆ. ಅಮೆರಿಕದ ಮರಗೆಲಸಗಾರ ಜಾರ್ಜ್ ನಾಕಾಶಿಮಾ (1905–1990) ಮಾಡಿದ ಮೇಜುಗಳಲ್ಲಿ ಈ ಬೀಗಕ್ಕೆ, ಕತ್ತರಿಸದೆ ಹಾಗೇ ಬಿಟ್ಟ ಮರದ ಅಂಚಿಗೆ ಬಹಳ ಹೆಸರು. ನಮ್ಮ ಮೇಜಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಆ ಸೀಳಿನ ಮೇಲೇ.

ಮೇಲ್ಮೈಗೆ ಎಣ್ಣೆ ಮಾತ್ರ ಹಾಕಿಸಿದ್ದೇವೆ. ಪಾಲಿಯುರೆಥೇನ್ ಪಾಲಿಶ್ ಗಟ್ಟಿ, ನಿಜ. ಆದರೆ ಅದು ಒಂದು ಕಡೆ ಎದ್ದರೆ ಅಲ್ಲಿಗಷ್ಟೇ ತೇಪೆ ಹಾಕುವುದು ಕಷ್ಟ, ಸಾಮಾನ್ಯವಾಗಿ ಇಡೀ ಹಲಗೆ ಕೆರೆಯಬೇಕಾಗುತ್ತದೆ. ಎಣ್ಣೆಯಾದರೆ ಲೋಟದ ಕಲೆ ಬಿದ್ದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಎಣ್ಣೆ ಸವರಿದರೆ ಆಯಿತು. ಇಲ್ಲೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸಿಕ್ಕಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ, ಹೊರಗೆ ಒಣಗಿಸಿ.

ಕುರ್ಚಿಗಳು 1859ರಲ್ಲಿ ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ ತಂದ 14ನೇ ನಂಬರ್ ಕುರ್ಚಿಯ ವಂಶದವು. ಆ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿತ್ತು! ಬೀಚ್ ಎಂಬ ಜಾತಿಯ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸುತ್ತಾರೆ. ಬೆಂದ ಮರ ಒತ್ತಿದರೆ ಚೆನ್ನಾಗಿ ಕುಗ್ಗುತ್ತದೆ, ಎಳೆದರೆ ಮಾತ್ರ ಹರಿಯುತ್ತದೆ. ಅದಕ್ಕೇ ಹೊರಬದಿಗೆ ಉಕ್ಕಿನ ಪಟ್ಟಿ ಕಟ್ಟಿ ಬಾಗಿಸುವುದು. ನಮ್ಮ ಕುರ್ಚಿಗಳನ್ನು ಮಕ್ಕಳೂ ಒಂದೇ ಕೈಯಲ್ಲಿ ಎತ್ತುತ್ತಾರೆ, ಒಂದೂ ಮುರಿದಿಲ್ಲ. ಸ್ಕ್ರೂಗಳು ಸಡಿಲವಾಗುತ್ತವೆ, ಆಗಾಗ ಬಿಗಿಯಬೇಕು. ಬೆತ್ತದ ಹೆಣಿಗೆ ಜೋತರೆ ಅಡಿಯಿಂದ ಬಿಸಿನೀರಲ್ಲಿ ಒದ್ದೆ ಮಾಡಿ ಒಣಗಲು ಬಿಡಿ, ತಾನೇ ಬಿಗಿಯುತ್ತದೆ.

ಪಟ್ಟಿ ಗೋಡೆ ಮಾತ್ರ ನನಗೆ ಸಮಾಧಾನ ಕೊಡಲಿಲ್ಲ. ಫೋಟೋದಲ್ಲಿ ಬಹಳ ಚಂದ. ಪಟ್ಟಿಗಳು ಎಮ್‌ಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ), ಮೇಲೆ ವೆನಿಯರ್, ಹಿಂದೆ ಪಾಲಿಯೆಸ್ಟರ್ ಫೆಲ್ಟ್, ಅಂದರೆ ಒತ್ತಿದ ನಾರಿನ ಬಟ್ಟೆ. ಕೋಣೆಯಲ್ಲಿ ಮಾತಿನ ಪ್ರತಿಧ್ವನಿ ಕಡಿಮೆಯಾದದ್ದು ನಿಜ. ಪಕ್ಕದ ಮನೆಯ ಸದ್ದು ಬರುವುದು ನಿಂತಿಲ್ಲ, ಇದು ಸದ್ದು ತಡೆಯುವ ಗೋಡೆಯೂ ಅಲ್ಲ. ತೆಳು ಫೆಲ್ಟ್ ದಪ್ಪ ದನಿಯನ್ನು ಹೀರುವುದಿಲ್ಲ. ಸಂದಿಗಳಲ್ಲಿ ಧೂಳು ತುಂಬುತ್ತದೆ, ಮೂಲೆಯಲ್ಲಿ ವೆನಿಯರ್ ಏಳುತ್ತಿದೆ. ಎಮ್‌ಡಿಎಫ್ ಆದ್ದರಿಂದ ಉಜ್ಜಿ ಸರಿಮಾಡುವ ದಾರಿಯೂ ಇಲ್ಲ. ಮತ್ತೆ ಮಾಡಿಸುವುದಾದರೆ ಗೋಡೆಗೆ ರೀಪು ಹೊಡೆಸಿ, ನಡುವೆ ಖನಿಜ ಉಣ್ಣೆ (ಕಲ್ಲು ಅಥವಾ ಗಾಜಿನ ನಾರಿನ ಹಾಸು) ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ, ಗಟ್ಟಿ ಮರದ ಪಟ್ಟಿಗಳನ್ನೇ ಹಾಕಿಸುತ್ತೇನೆ. ಖರ್ಚು ಜಾಸ್ತಿ ಬೀಳುತ್ತದೆ. ಆದರೆ ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು.