ಮಕ್ಕಳ ವಿಡಿಯೊ ಖರ್ಚು: 149ಕ್ಕೂ 199ಕ್ಕೂ ನಡುವೆ

ನಮ್ಮದು ದಾವಣಗೆರೆ. ಮಗ ಮೊದಲ ಪಿಯುಸಿ, ಮಗಳು ಎಂಟನೇ ತರಗತಿ. ಮಕ್ಕಳು ವಿಡಿಯೊ ನೋಡಲೇಬಾರದು ಎನ್ನುವವಳಲ್ಲ ನಾನು. ದುಡ್ಡು ಯಾವುದಕ್ಕೆ ಹಾಕಬೇಕು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ತಿಂಗಳಿಗೊಂದರಂತೆ ಪರೀಕ್ಷಿಸಿದೆ.

ಮೊದಲು ಪುಕ್ಕಟೆ ಯೂಟ್ಯೂಬ್. ದಿನದ ಒಂದೂವರೆ ಜಿಬಿ ಡೇಟಾ ಸಂಜೆ ಏಳರೊಳಗೆ ಖಾಲಿ. ಆಮೇಲೆ "ಅಮ್ಮಾ, ಬೂಸ್ಟರ್ ಹಾಕ್ಸು". ಹೆಚ್ಚುವರಿ ಡೇಟಾದ ಈ ಬೂಸ್ಟರ್ 19 ರೂಪಾಯಿಯಂತೆ ಹನ್ನೊಂದು ಸಲ, ಅಂದರೆ 209. ಪುಕ್ಕಟೆಯ ಲೆಕ್ಕ ಇದು.

ಮರುತಿಂಗಳು ಯೂಟ್ಯೂಬ್ ಪ್ರೀಮಿಯಂ ಫ್ಯಾಮಿಲಿ, 299 ರೂಪಾಯಿ. ಜಾಹೀರಾತು ಹೋಯಿತು. ಆದರೆ ಜಾಹೀರಾತು ಬಂದಾಗ ಮಗ ಫೋನ್ ಕೆಳಗಿಟ್ಟು ನೀರು ಕುಡಿಯಲು ಏಳುತ್ತಿದ್ದ, ಈಗ ಅದೂ ನಿಂತಿತು. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಅವನು ನೋಡುತ್ತಿದ್ದದ್ದು ಅವರಪ್ಪನ ಖಾತೆಯಲ್ಲಿ. ಖಾತೆಯಲ್ಲಿ 13ರಿಂದ 17ರ ವಯಸ್ಸು ಸರಿಯಾಗಿ ನಮೂದಾಗಿದ್ದರೆ ಆಟೋಪ್ಲೇ (ಒಂದು ಮುಗಿದೊಡನೆ ಮುಂದಿನ ವಿಡಿಯೊ ಶುರುವಾಗುವುದು) ತಾನಾಗೇ ಆಫ್ ಇರುತ್ತದೆ, ವಿರಾಮದ ಜ್ಞಾಪನೆಯೂ ಬರುತ್ತದೆ. 2021ರಲ್ಲೇ ಬಂದ ವ್ಯವಸ್ಥೆಯಂತೆ. ಅವನ ಹುಟ್ಟಿದ ದಿನಾಂಕ ಕೊಟ್ಟು ಬೇರೆ ಖಾತೆ ಮಾಡಿಸಿದೆ. ಆ 299ಕ್ಕಿಂತ ಕಾಸು ಖರ್ಚಿಲ್ಲದ ಈ ಕೆಲಸದಿಂದಲೇ ಹೆಚ್ಚು ಉಪಯೋಗವಾಯಿತು.

ಮೂರನೆಯದು ನೆಟ್‌ಫ್ಲಿಕ್ಸ್. ಅಗ್ಗವೆಂದು 149ರ ಮೊಬೈಲ್ ಪ್ಲಾನ್ ತೆಗೆದುಕೊಂಡೆ. ಅದು ಫೋನು, ಟ್ಯಾಬುಗಳಲ್ಲಿ ಮಾತ್ರ, ಅದೂ ಒಂದು ಸಲಕ್ಕೆ ಒಂದರಲ್ಲಿ. ಟಿವಿಗೆ ಹಾಕಲು ಬರುವುದಿಲ್ಲ. ಮಗ ಇಯರ್‌ಫೋನ್ ಸಿಕ್ಕಿಸಿಕೊಂಡು ರೂಮಿಗೆ ಹೋದ. ಮಗಳು ಬಾಗಿಲು ಬಡಿದಳು. ಎರಡು ವಾರ ದಿನಾ ಜಗಳ. ಏನು ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಗಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು.

199ರ ಬೇಸಿಕ್‌ಗೆ ಬದಲಾಯಿಸಿದೆ. ಅದರಲ್ಲೂ ಒಂದು ಸಲಕ್ಕೆ ಒಂದೇ ಪರದೆ, ಆದರೆ ಟಿವಿಗೆ ಬರುತ್ತದೆ. ಐವತ್ತು ರೂಪಾಯಿಗೆ ವಿಡಿಯೊ ರೂಮಿನಿಂದ ಹಾಲ್‌ಗೆ ಬಂತು. ಯಾವುದು ನೋಡಬೇಕೆಂದು ಅಣ್ಣತಂಗಿ ಚರ್ಚೆ ಮಾಡತೊಡಗಿದರು. ಊಟದ ಹೊತ್ತಿಗೆ ನಿಲ್ಲಿಸಿ, ಆಮೇಲೆ ಮುಂದಿನ ಭಾಗ. ಒಂದು ರಾತ್ರಿ ಮಗಳು ಕಥೆಯಲ್ಲಿನ ಹುಡುಗಿಯ ಬಗ್ಗೆ ಕೇಳಿದ ಪ್ರಶ್ನೆಗೆ ನಾವಿಬ್ಬರೂ ಅರ್ಧ ಗಂಟೆ ಮಾತಾಡಿದೆವು. ಫೋನಿನಲ್ಲಿ ನೋಡಿದ್ದರೆ ಆ ಪ್ರಶ್ನೆ ನನ್ನವರೆಗೆ ಬರುತ್ತಲೇ ಇರಲಿಲ್ಲ.

ಕೊನೆಗೆ ಟಾಕೀಸು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ನಮಗೆ ಲೆಕ್ಕಕ್ಕೇ ಬರಲಿಲ್ಲ, ನಾವು ಹೋದ ಟಾಕೀಸಿನಲ್ಲಿ ಬಾಲ್ಕನಿಯೇ 120. ನಾಲ್ವರಿಗೆ 480, ಹೊರಗೆ ಬಂದು ಮಂಡಕ್ಕಿ ಮಿರ್ಚಿಗೆ 160. ಮೂರು ತಿಂಗಳ ನೆಟ್‌ಫ್ಲಿಕ್ಸಿಗಿಂತ ಹೆಚ್ಚು. ಆದರೂ ವಾರವಿಡೀ ಮನೆಯಲ್ಲಿ ಅದೇ ಸಿನಿಮಾದ ಮಾತು.

ಈಗ 199ರ ಪ್ಲಾನ್ ಉಳಿಸಿಕೊಂಡಿದ್ದೇನೆ. ಪ್ರೀಮಿಯಂ ನಿಲ್ಲಿಸಿದೆ. ಟಾಕೀಸು ಎರಡು ತಿಂಗಳಿಗೊಮ್ಮೆ. ಬೂಸ್ಟರ್ ಮಾತ್ರ ಯಾರು ಕೇಳಿದರೂ ಹಾಕಿಸುವುದಿಲ್ಲ.